ಬಾಲಪ್ರತಿಭೆಯ ಹಿಂದಿರುವ ಮನೆ

ಕಳೆದ ಗಣೇಶೋತ್ಸವದಲ್ಲಿ ನಮ್ಮ ಸಿದ್ದಾಪುರದ ಪೆಂಡಾಲಿನಲ್ಲಿ, ಮೈಸೂರಿನಿಂದ ಬಂದ ಹನ್ನೊಂದು ವರ್ಷದ ಬಾಲಕನೊಬ್ಬ ಒಂದು ಗಂಟೆ ಕಾಲ ಪಿಟೀಲು ನುಡಿಸಿದ. ಮೇಲೆ ತಗಡಿನ ಮೇಲೆ ಮಳೆ ಸುರಿಯುತ್ತಿತ್ತು; ಮೈಕು ಎರಡು ಸಲ ಕೈಕೊಟ್ಟಿತು. ಹುಡುಗ ತಲೆಯೆತ್ತಿ ನೋಡಲಿಲ್ಲ. ವರ್ಣ ಮುಗಿಸಿ, ಹಂಸಧ್ವನಿಯಲ್ಲಿ ಒಂದು ಕೃತಿ ನುಡಿಸಿ, ಕೊನೆಗೆ ದೇವರನಾಮವೊಂದನ್ನು ಎತ್ತಿಕೊಂಡಾಗ, ಮುಂದಿನ ಸಾಲಿನಲ್ಲಿ ಕುಳಿತಿದ್ದ ಲೈನ್ ಮನೆಯ ಮಕ್ಕಳು ಕೂಡ ಗಲಾಟೆ ನಿಲ್ಲಿಸಿ ಬಾಯಿ ತೆರೆದು ಕೇಳಿದರು. ಸನ್ಮಾನದ ಶಾಲು ಹೊದಿಸಿದ ಮಹನೀಯರೊಬ್ಬರು ಮಾತನಾಡುತ್ತ, ಇದು ಹುಟ್ಟಿನಿಂದ ಬಂದ ಪ್ರತಿಭೆ, ಪೂರ್ವಜನ್ಮದ ಸುಕೃತ, ಇಂಥದನ್ನು ಕಲಿಸಿ ಬರಿಸಲು ಸಾಧ್ಯವಿಲ್ಲ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿ ಎತ್ತಿಡುವ ಸ್ವಯಂಸೇವಕರಲ್ಲಿ ನಾನೂ ಒಬ್ಬನಾಗಿದ್ದುದರಿಂದ, ವೇದಿಕೆಯ ಹಿಂದೆ ಆ ಬಾಲಕನ ತಾಯಿಯವರೊಡನೆ ನಾಲ್ಕು ಮಾತನಾಡುವ ಅವಕಾಶ ದೊರೆಯಿತು. ಹುಡುಗ ನಾಲ್ಕನೆಯ ವರ್ಷಕ್ಕೆ ಕಮಾನು ಹಿಡಿದನಂತೆ. ಆಗ ಕಾಲು ಅಳತೆಯ ಪಿಟೀಲು, ಆಮೇಲೆ ಅರ್ಧ ಅಳತೆಯದು, ಈಗಿನದು ಮೂರನೆಯದು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಶಾಲೆಗೆ ಮುಂಚೆ ಒಂದೂವರೆ ಗಂಟೆ, ಸಂಜೆ ಮತ್ತೆ ಒಂದೂವರೆ ಗಂಟೆ ಅಭ್ಯಾಸ. ಕಲಿಸುವವರು ತಂದೆಯೇ. “ಜ್ವರ ಬಂದ ದಿನ ಮಾತ್ರ ರಜಾ ಕಣಪ್ಪ” ಎಂದು ಆ ತಾಯಿ ನಕ್ಕರು. ಪೂರ್ವಜನ್ಮದ ಮಾತನ್ನು ಅವರು ಎತ್ತಲೇ ಇಲ್ಲ.

ಮನೆಗೆ ನಡೆದು ಹೋಗುವಾಗ ನಮ್ಮ ಅಪ್ಪ ಬಹಳ ಹೊತ್ತು ಸುಮ್ಮನಿದ್ದು ಒಂದೇ ಪ್ರಶ್ನೆ ಕೇಳಿದರು: “ಆ ಹುಡ್ಗನ ಅಪ್ಪ ಏನ್ ಕೆಲ್ಸ ಮಾಡ್ತಾರೆ ಮಗಾ?” ಶಾಲು ಹೊದಿಸಿದವರ ಭಾಷಣಕ್ಕಿಂತ ಈ ಪ್ರಶ್ನೆಯಲ್ಲಿಯೇ ಹೆಚ್ಚಿನ ಸಂಗೀತ ವಿಮರ್ಶೆ ಇದೆಯೆಂದು ನನಗೆ ಅಂದಿನಿಂದ ತೋರುತ್ತಿದೆ. ಈ ಲೇಖನಕ್ಕೆ ಕಾರಣವೂ ಅದೇ.

ನಾನು ಸಂಗೀತಶಾಸ್ತ್ರ ಬಲ್ಲವನಲ್ಲ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ನಮ್ಮ ತಾತ ಅರಕಲಗೂಡು ಸೀಮೆಯಿಂದ ಗುದ್ದಲಿ ಹಿಡಿದು ಕೊಡಗಿನ ತೋಟಕ್ಕೆ ಬಂದವರು. ಅಪ್ಪ ಅದೇ ತೋಟದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಾರೆ. ಅವ್ವ ಕೊಯ್ಲಿನ ಕಾಲದಲ್ಲಿ ಕಿಲೋ ಲೆಕ್ಕದಲ್ಲಿ ಕಾಫಿ ಹಣ್ಣು ಬಿಡಿಸುತ್ತಾರೆ. ನಮ್ಮ ಮನೆತನದಲ್ಲಿ ಬಿ.ಎ. ಎಂಬ ಎರಡಕ್ಷರದವರೆಗೆ ಬಂದವನು ನಾನೇ ಮೊದಲಿಗ. ಹೀಗಿರುವಾಗ ಶಾಸ್ತ್ರೀಯ ಸಂಗೀತದ ಬಗ್ಗೆ ಬರೆಯಲು ನನಗೇನು ಅಧಿಕಾರ ಎಂದು ವಾಚಕರು ಕೇಳಬಹುದು. ಅಧಿಕಾರವಿಲ್ಲದವನಿಗೂ ಪಿಟೀಲಿನ ಮೇಲೆ ಆಸೆ ಹುಟ್ಟಬಹುದೆಂಬುದಕ್ಕೆ ನಾನೇ ಸಾಕ್ಷಿ. ಆ ಕಥೆಯನ್ನು ಮುಂದೆ ಹೇಳುತ್ತೇನೆ.

ನಮ್ಮ ನಾಡಿನ ತಂತಿವಾದ್ಯದ ಮಹನೀಯರ ಬಾಲ್ಯವನ್ನು ಸ್ವಲ್ಪ ನೋಡೋಣ. ಮೈಸೂರಿನ ವೀಣೆಗೆ ಹೆಸರು ತಂದ ವೀಣೆ ಶೇಷಣ್ಣನವರು (1852–1926) ಹತ್ತು ವರ್ಷದ ಬಾಲಕನಾಗಿದ್ದಾಗಲೇ, ಬೇರೆ ವಿದ್ವಾಂಸರಿಗೆ ಕಷ್ಟವಾದ ಪಲ್ಲವಿಯೊಂದನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ನಿರ್ವಹಿಸಿ ಸೈ ಎನಿಸಿಕೊಂಡರೆಂಬ ಕಥೆ ಪ್ರಸಿದ್ಧವಾಗಿದೆ. ಅದನ್ನು ಹೇಳುವವರು ಅವರ ತಂದೆ ಚಿಕ್ಕರಾಮಪ್ಪನವರೂ ಆಸ್ಥಾನದ ವೈಣಿಕರಾಗಿದ್ದರೆಂಬುದನ್ನು ಅಡಿಟಿಪ್ಪಣಿಯಂತೆ ಹೇಳಿ ಮುಂದೆ ಹೋಗುತ್ತಾರೆ. ತಂದೆ ತೀರಿಕೊಂಡ ಮೇಲೆ ಪಾಠ ಮುಂದುವರಿಸಿದವರಲ್ಲಿ ಅಕ್ಕ ವೆಂಕಮ್ಮನವರೂ ಒಬ್ಬರು. ಆ ಅಕ್ಕನ ಹೆಸರು ಎಷ್ಟು ಜನರಿಗೆ ಗೊತ್ತು? ಹಾಸನ ಜಿಲ್ಲೆಯ ಗಡ್ಡವಳ್ಳಿಯಲ್ಲಿ 1920ರಲ್ಲಿ ಹುಟ್ಟಿದ ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರು ಹನ್ನೆರಡನೆಯ ವಯಸ್ಸಿನಲ್ಲಿ ಅರಮನೆಯಲ್ಲಿ ನುಡಿಸಿದರು. ಅವರಿಗೂ ಮೊದಲ ಪಾಠ ಹೇಳಿದವರು ತಂದೆಯೇ, ಆ ಮೇಲೆ ಶೇಷಣ್ಣನವರ ಶಿಷ್ಯರಾದ ವೆಂಕಟಗಿರಿಯಪ್ಪನವರು. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಅವರ ಮಗ ಬಾಲಕೃಷ್ಣ ಅವರಿಗೆ ಬಂತು. ನಮ್ಮ ಕಾಲದ ಮೈಸೂರು ನಾಗರಾಜ್ ಮತ್ತು ಮಂಜುನಾಥ್ ಸಹೋದರರು ಎಳೆಯ ವಯಸ್ಸಿನಲ್ಲಿಯೇ ಕಛೇರಿ ಮಾಡಿ ಬೆರಗು ಹುಟ್ಟಿಸಿದರು. ಗುರು, ತಂದೆ ಮಹದೇವಪ್ಪನವರು. ಧಾರವಾಡಕ್ಕೆ ಸಿತಾರನ್ನು ತಂದು ಬೇರೂರಿಸಿದ ರಹಿಮತ್ ಖಾನರ ಮನೆಯಲ್ಲಿಯೂ ವಿದ್ಯೆ ಮಗನಿಗೆ, ಮೊಮ್ಮಗ ಬಾಲೇಖಾನರಿಗೆ ಹರಿದು ಬಂತು.

ಇದನ್ನು ನಾನು ಕುಂದು ಎಣಿಸಿ ಹೇಳುತ್ತಿಲ್ಲ. ಅವರ ಸಾಧನೆ ಅವರದೇ. ಅಪ್ಪ ವಿದ್ವಾಂಸನಾದ ಮಾತ್ರಕ್ಕೆ ಮಗನ ಬೆರಳು ತಾನಾಗಿ ಓಡುವುದಿಲ್ಲ. ಆದರೆ ತೊಟ್ಟಿಲಿನಿಂದಲೇ ಶ್ರುತಿ ಕಿವಿಗೆ ಬೀಳುವುದು, ತಪ್ಪು ಸ್ವರ ಬಂದರೆ ಅಡುಗೆಮನೆಯಿಂದಲೇ ಯಾರಾದರೂ ತಿದ್ದುವುದು, ವಾದ್ಯಕ್ಕಾಗಿ ಯಾರನ್ನೂ ಬೇಡಬೇಕಿಲ್ಲದಿರುವುದು — ಇವು ಪ್ರತಿಭೆಯಲ್ಲ, ಅನುಕೂಲ. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಆ ಮಗುವಿನ ಮೂರು ಗಂಟೆಯ ದುಡಿಮೆಗೂ ಅಗೌರವ, ಅನುಕೂಲವಿಲ್ಲದ ಮಗುವಿಗೂ ಅನ್ಯಾಯ.

ಹಾಗಾದರೆ ಮನೆಯಲ್ಲಿ ಪರಂಪರೆ ಇಲ್ಲದವರು ಬಂದೇ ಇಲ್ಲವೇ? ಬಂದಿದ್ದಾರೆ. ನನಗೆ ಅತ್ಯಂತ ಪ್ರಿಯವಾದ ಉದಾಹರಣೆ ಪಿಟೀಲು ಚೌಡಯ್ಯನವರದು. ನಮ್ಮೂರಿನ ಕರಡಿಗೋಡು, ಗುಹ್ಯ, ನೆಲ್ಲಿಹುದಿಕೇರಿಗಳನ್ನು ತಾಕಿಕೊಂಡು ಹರಿಯುವ ಕಾವೇರಿಯೇ ಕುಶಾಲನಗರ ದಾಟಿ, ರಾಮನಾಥಪುರ, ರುದ್ರಪಟ್ಟಣಗಳನ್ನು ಹಾದು, ಶ್ರೀರಂಗಪಟ್ಟಣವನ್ನು ಬಳಸಿ, ಕಪಿಲೆಯನ್ನು ಕೂಡುವ ತಿರುಮಕೂಡಲಿನಲ್ಲಿ 1895ರಲ್ಲಿ ಅವರು ಹುಟ್ಟಿದರು. ವೀಣೆ ಶೇಷಣ್ಣನವರ ಮನೆಯಂತೆ ಅದು ಆಸ್ಥಾನ ವಿದ್ವಾಂಸರ ಮನೆಯಲ್ಲ. 1910ರಲ್ಲಿ, ಹದಿನೈದರ ಹರೆಯದಲ್ಲಿ, ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ಹಾಡುಗಾರರು, ಶಿಸ್ತಿಗೆ ಹೆಸರಾದ ಗುರು. ವರ್ಷಗಟ್ಟಲೆ ಆ ಗುರುವಿನ ಕಣ್ಣಿನ ಮುಂದೆಯೇ ಕೈ ಪಳಗಿತು. ಮುಂದೆ, ಮೈಕಿನ ಬಳಕೆ ಇಲ್ಲದ ಸಭೆಗಳಲ್ಲಿ ಪಿಟೀಲಿನ ದನಿ ಹಿಂದಿನ ಸಾಲಿಗೆ ಮುಟ್ಟಬೇಕೆಂದು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿಕೊಂಡರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿಯಾದರು. ಹಿಂದಿನ ಸಾಲಿನವನಿಗೂ ಕೇಳಿಸಬೇಕು ಎಂಬ ಆ ಚಿಂತೆ ಎಲ್ಲ ವಿದ್ವಾಂಸರಿಗೂ ಬರುವಂಥದಲ್ಲ. ಅದು ಹಿಂದಿನ ಸಾಲಿನಿಂದಲೇ ಬಂದವನ ಚಿಂತೆಯೆಂದು ನಾನು ಊಹಿಸಿಕೊಳ್ಳುತ್ತೇನೆ. ತಪ್ಪಿದ್ದರೆ ಬಲ್ಲವರು ಕ್ಷಮಿಸಬೇಕು.

ಚೌಡಯ್ಯನವರಿಗೆ ಮನೆಯಲ್ಲಿ ಇಲ್ಲದ್ದನ್ನು ಗುರುವಿನ ಮನೆ ಕೊಟ್ಟಿತು ಎಂಬುದಿಲ್ಲಿ ಗಮನಿಸಬೇಕಾದ ಅಂಶ. ಗದುಗಿನ ವೀರೇಶ್ವರ ಪುಣ್ಯಾಶ್ರಮವೂ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿತು. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು (1914–2010), ಇಬ್ಬರೂ ಕಣ್ಣು ಕಾಣದವರು, ಕುರುಡ ಮಕ್ಕಳಿಗೆ, ಬಡ ಮಕ್ಕಳಿಗೆ ಊಟ ಹಾಕಿ, ಮಲಗಲು ಜಾಗ ಕೊಟ್ಟು, ಸಂಗೀತ ಕಲಿಸಿದರು. ಪುಟ್ಟರಾಜರು ಹಾಡುವುದರ ಜೊತೆಗೆ ಪಿಟೀಲು, ಸಾರಂಗಿ, ಸಿತಾರುಗಳನ್ನೂ ಬಲ್ಲವರಾಗಿದ್ದರು. ಅಲ್ಲಿಗೆ ಬಂದ ಮಕ್ಕಳ ಪೂರ್ವಜನ್ಮವನ್ನು ಯಾರೂ ವಿಚಾರಿಸಲಿಲ್ಲ. ಊಟಕ್ಕೆ ಎಲೆ ಹಾಕಿದರು, ಪಾಠ ಶುರು ಮಾಡಿದರು.

ಇನ್ನು ನನ್ನ ಕಥೆ. ಹತ್ತನೆಯ ತರಗತಿ ಮುಗಿದ ರಜೆಯಲ್ಲಿ ಅಪ್ಪನಿಗೆ ಬಂದ ಬೋನಸ್ಸಿನಲ್ಲಿ ಹಟ ಹಿಡಿದು ಹಳೆಯ ಪಿಟೀಲೊಂದನ್ನು ಕೊಂಡುಕೊಂಡೆ. ಎರಡು ಸಾವಿರದ ಐನೂರು ರೂಪಾಯಿ. ಪೆಟ್ಟಿಗೆ ಇರಲಿಲ್ಲ, ಅವ್ವನ ಹಳೆಯ ಸೀರೆಯೇ ಪೆಟ್ಟಿಗೆ. ನಮ್ಮ ಊರಿನಲ್ಲಿ ಕಲಿಸುವವರಿರಲಿಲ್ಲ. ಬಸ್ಸಿನಲ್ಲಿ ಒಂದು ಗಂಟೆಗೂ ಮೇಲ್ಪಟ್ಟ ದೂರದ ಪಟ್ಟಣದಲ್ಲಿ ಒಬ್ಬ ಗುರುಗಳು ಶನಿವಾರ ಸಂಜೆ ಪಾಠ ಹೇಳುತ್ತಾರೆಂದು ತಿಳಿದು ಹೋದೆ. ಕಾಲು ಮಡಚಿ ನೆಲದ ಮೇಲೆ ಕೂತು, ಪಿಟೀಲಿನ ತಲೆಯನ್ನು ಬಲಗಾಲಿನ ಹರಡಿನ ಮೇಲೆ ಇರಿಸಿ, ಇನ್ನೊಂದು ತುದಿಯನ್ನು ಎದೆಗೆ ಆನಿಸಿಕೊಳ್ಳಬೇಕು. ಹಾಗೆ ಅರ್ಧ ಗಂಟೆ ಕೂರಲು ಕಲಿಯುವುದಕ್ಕೇ ನನಗೆ ಎರಡು ವಾರ ಹಿಡಿಯಿತು. ಆಮೇಲೆ ಕಮಾನು. ತಂತಿಯ ಮೇಲೆ ನೇರವಾಗಿ, ಕುದುರೆಗೆ ಸಮಾನಾಂತರವಾಗಿ, ತುದಿಯಿಂದ ತುದಿಗೆ ಎಳೆಯಬೇಕು. ಸ್ವಲ್ಪ ಓರೆಯಾದರೆ ಕಾಡಿನಲ್ಲಿ ಮರ ಸಿಗಿದಂಥ ಸದ್ದು. ವೀಣೆಯಲ್ಲಾದರೆ ಮೇಣದ ಮೇಲೆ ಕೂರಿಸಿದ ಇಪ್ಪತ್ನಾಲ್ಕು ಮೆಟ್ಟಿಲುಗಳಿವೆ, ಸ್ವರದ ಮನೆ ಕಣ್ಣಿಗೆ ಕಾಣುತ್ತದೆ. ಪಿಟೀಲಿನಲ್ಲಿ ಮೆಟ್ಟಿಲಿಲ್ಲ. ರಿಷಭ ಎಲ್ಲಿದೆಯೆಂದು ಬೆರಳಿಗೆ ಕಿವಿಯೇ ಹೇಳಬೇಕು. ಕಿವಿಗೆ ಮೊದಲು ಯಾರಾದರೂ ಹೇಳಿರಬೇಕು. ಮಾಯಾಮಾಳವಗೌಳದ ಸರಳೆ ವರಸೆ ಮುಗಿಸಿ ಜಂಟಿ ವರಸೆಗೆ ಬರುವಷ್ಟರಲ್ಲಿ ಏಳು ತಿಂಗಳು ಕಳೆದಿದ್ದವು. ಮುಂದೆ ಅಲಂಕಾರ, ಗೀತೆ, ಸ್ವರಜತಿ, ವರ್ಣ, ಆಮೇಲೆ ಕೃತಿ. ದಾರಿ ಎಷ್ಟು ಉದ್ದವೆಂದು ಆಗ ಗೊತ್ತಾಯಿತು.

ನಾನು ಸೋತದ್ದು ಜಂಟಿ ವರಸೆಯಲ್ಲಲ್ಲ, ಆನೆಯಲ್ಲಿ. ವಾಚಕರು ನಗಬಾರದು. ನಮ್ಮ ಸಿದ್ದಾಪುರದ ಸುತ್ತಿನ ತೋಟಗಳಲ್ಲಿ ಹಲಸು ಹಣ್ಣಾಗುವ ಕಾಲಕ್ಕೆ ಕಾಡಾನೆಗಳು ಬಂದು ಬೀಡುಬಿಡುವುದು ಜಿಲ್ಲೆಗೆಲ್ಲ ತಿಳಿದ ಸಂಗತಿ. (ವೀಣೆ ಮಾಡುವುದೂ ಹಲಸಿನ ಮರದಲ್ಲಿಯೇ. ದೊಡ್ಡಬಳ್ಳಾಪುರದ ಹತ್ತಿರದ ಸಿಂಪಾಡಿಪುರದಲ್ಲಿ ಊರಿಗೆ ಊರೇ ಆ ಕೆಲಸಕ್ಕೆ ಹೆಸರಾಗಿದೆ. ನಮ್ಮಲ್ಲಿ ಹಲಸು ಆನೆಯ ಪಾಲು.) ಪಾಠ ಮುಗಿಸಿ ಕೊನೆಯ ಬಸ್ಸಿಗೆ ಇಳಿದರೆ ಲೈನ್ ಮನೆಗೆ ತೋಟದ ಒಳದಾರಿಯಲ್ಲಿ ಒಂದೂವರೆ ಮೈಲಿ ಕತ್ತಲೆ. ಒಂದು ರಾತ್ರಿ ಅಪ್ಪನೂ ನಾನೂ ಕಾಫಿ ಗಿಡದ ಸಂದಿಯಲ್ಲಿ ಮುಕ್ಕಾಲು ಗಂಟೆ ಉಸಿರು ಬಿಗಿಹಿಡಿದು ಕುಳಿತೆವು. ಸೀರೆಯಲ್ಲಿ ಸುತ್ತಿದ ಪಿಟೀಲು ನನ್ನ ಮಡಿಲಲ್ಲಿತ್ತು. ಮರುವಾರ ಅವ್ವ ಕಳಿಸಲಿಲ್ಲ. ಬೆಳಗಿನ ಹೊತ್ತು ಪಾಠ ಹೇಳಬಹುದೇ ಎಂದು ಗುರುಗಳನ್ನು ಕೇಳಿದೆ; ಬೆಳಿಗ್ಗೆ ಅವರಿಗೆ ಬೇರೆ ನೌಕರಿ. ತಪ್ಪು ಯಾರದೂ ಅಲ್ಲ.

ಮೊಬೈಲಿನಲ್ಲಿ ಕಲಿಯಬಹುದಲ್ಲ ಎಂದು ಸಹಪಾಠಿಗಳು ಹೇಳುತ್ತಾರೆ. ಕಲಿತು ನೋಡಿದೆ. ಮೊಬೈಲಿನ ಗುರು ಚೆನ್ನಾಗಿ ನುಡಿಸಿ ತೋರಿಸುತ್ತಾರೆ, ಎಷ್ಟು ಸಲ ಕೇಳಿದರೂ ಬೇಸರಿಸುವುದಿಲ್ಲ. ಆದರೆ ನನ್ನ ಮಣಿಕಟ್ಟು ಗಟ್ಟಿಯಾಗಿದೆ, ಮೊಳಕೈ ಮೇಲೆದ್ದಿದೆ ಎಂದು ಹೇಳುವುದಿಲ್ಲ. ಆರು ತಿಂಗಳು ಹೀಗೆ ತಪ್ಪನ್ನೇ ಸಾಧನೆ ಮಾಡಿದೆ. ಆ ತಪ್ಪು ಈಗ ಕೈಯಲ್ಲಿ ಗಟ್ಟಿಯಾಗಿ ಕೂತಿದೆ; ಬಿಡಿಸಲು ಬಂದೀತೋ ಇಲ್ಲವೋ.

ಸರ್ಕಾರ ಏನೂ ಮಾಡಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಕೇಂದ್ರ ಸರ್ಕಾರದ ಸಾಂಸ್ಕೃತಿಕ ಪ್ರತಿಭಾ ಶೋಧ ವಿದ್ಯಾರ್ಥಿವೇತನ 10ರಿಂದ 14 ವರ್ಷದ ಮಕ್ಕಳಿಗೆ ಇದೆ. 18ರಿಂದ 25ರ ವಯಸ್ಸಿನ ಯುವ ಕಲಾವಿದರಿಗೆ ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ ಕೊಡುವ ಇನ್ನೊಂದು ಯೋಜನೆಯೂ ಇದೆ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ಲರ ಹೆಸರಿನ ಸಂಗೀತ ವಿಶ್ವವಿದ್ಯಾಲಯವೇ 2009ರಿಂದ ಇದೆ. ಆದರೆ ಈ ಎರಡನೆಯ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಕಡಿಮೆಯೆಂದರೆ ಐದು ವರ್ಷ ಗುರುಮುಖೇನ ಕಲಿತಿರಬೇಕು. ಲೆಕ್ಕ ಹಾಕಿ ನೋಡಿ: ಇಪ್ಪತ್ತರ ನಾನು ನಾಳೆಯೇ ಗುರುವನ್ನು ಹಿಡಿದರೂ ಅರ್ಹನಾಗುವಾಗ ಇಪ್ಪತ್ತೈದು; ಬಾಗಿಲು ಮುಚ್ಚುವ ಹೊತ್ತು. ಮೊದಲನೆಯದರಲ್ಲಿ ಹತ್ತು ವರ್ಷದ ಮಗು ಪರೀಕ್ಷಕರ ಮುಂದೆ ನುಡಿಸಿ ತೋರಿಸಬೇಕೆಂದರೆ ಅದು ಆರು ಏಳು ವರ್ಷಕ್ಕೇ ಎಲ್ಲಿಯೋ ಕಲಿಯಲು ಶುರು ಮಾಡಿರಬೇಕು. ಅರಳಿದ ಹೂವಿಗೆ ನೀರು ಹಾಕುವ ವ್ಯವಸ್ಥೆ ಇದು. ಬೀಜಕ್ಕೆ ನೀರು ಅವರವರ ಮನೆಯ ಬಾವಿಯಿಂದಲೇ ಬರಬೇಕು.

ತಡವಾಗಿ ಹಿಡಿದು ಸಾಧಿಸಿದವರಿಲ್ಲವೇ ಎಂದು ನಮ್ಮ ಇಂಗ್ಲಿಷ್ ಅಧ್ಯಾಪಕರು ನನ್ನನ್ನು ಸಂತೈಸಿದರು. ರಾಜೀವ ತಾರಾನಾಥರು (1932–2024) ಬೆಂಗಳೂರಿನಲ್ಲಿ ಅಲಿ ಅಕ್ಬರ್ ಖಾನರ ಸರೋದ್ ಕೇಳಿ ಮರುಳಾಗಿ, ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ಆ ವಾದ್ಯಕ್ಕೆ ಒಲಿದು, ಕಲ್ಕತ್ತೆಗೆ ಹೋಗಿ ಕಲಿತರು. ಇಂಗ್ಲಿಷ್ ಸಾಹಿತ್ಯದಲ್ಲಿ ಡಾಕ್ಟರೇಟ್ ಪಡೆದ ವಿದ್ವಾಂಸರೂ ಹೌದು. ಕಲಾ ಕಾಲೇಜಿನ ವಿದ್ಯಾರ್ಥಿಗೆ ಇದಕ್ಕಿಂತ ಹುರಿದುಂಬಿಸುವ ಕಥೆ ಬೇಕೇ? ಕೆಲವು ದಿನ ಹಿಗ್ಗಿದ್ದೆ. ಆಮೇಲೆ ಓದಿದೆ: ತಂದೆ ಪಂಡಿತ ತಾರಾನಾಥರ ಮನೆಯಲ್ಲಿ ಅವರು ಬಾಲ್ಯದಿಂದಲೇ ಹಾಡುಗಾರಿಕೆ ಕಲಿತು, ಒಂಬತ್ತನೆಯ ವರ್ಷಕ್ಕೇ ಸಭೆಯಲ್ಲಿ ಹಾಡಿದ್ದರು. ಕೈ ತಡವಾಗಿ ತಂತಿ ಹಿಡಿಯಿತು, ಕಿವಿ ತಡವಾಗಿರಲಿಲ್ಲ.

ಇಲ್ಲಿ ಎರಡು ಆಕ್ಷೇಪಣೆಗಳನ್ನು ನಾನು ಕೇಳಿದ್ದೇನೆ. ಕೊಡಗಿಗೆ ತನ್ನದೇ ವಾದ್ಯಗಳಿವೆ: ಕೊಡವರ ದುಡಿ, ಕೊಂಬು ಕೊಟ್ಟು, ವಾಲಗ, ಹಾಡಿಯ ಯರವರ ದುಡಿ, ಚೀನಿ, ಅದನ್ನು ಬಿಟ್ಟು ಅರಮನೆಯ, ಅಗ್ರಹಾರದ ಪಿಟೀಲೇಕೆ ಎಂಬುದು ಮೊದಲನೆಯದು. ದುಡಿಯ ಬಗ್ಗೆ ನನಗೆ ಗೌರವವಿದೆ. ಪುತ್ತರಿಯ ರಾತ್ರಿ ದೂರದಿಂದ ದುಡಿ ಕೇಳಿದರೆ ನನಗೂ ಮೈ ಜುಂ ಎನ್ನುತ್ತದೆ. ಆದರೆ ಇವೆಲ್ಲ ಬಡಿಯುವ, ಊದುವ ವಾದ್ಯಗಳು. ತಂತಿ ಎಳೆಯುವುದನ್ನು ನಮ್ಮ ಸುತ್ತಿನ ಹಬ್ಬಗಳಲ್ಲಿ ನಾನು ಕಂಡಿಲ್ಲ. ಪಿಟೀಲು ಕೂಡ ಪರದೇಶದ್ದೇ; ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರು ಬಾಲುಸ್ವಾಮಿ ದೀಕ್ಷಿತರು, ಇನ್ನೂರು ವರ್ಷಗಳ ಹಿಂದೆ. ಅವರಿಗೆ ಬೇರೆಯವರ ವಾದ್ಯ ಹಿಡಿಯುವ ಹಕ್ಕು ಇದ್ದರೆ ನಮಗೂ ಇರಬೇಕಷ್ಟೆ.

ಎರಡನೆಯ ಆಕ್ಷೇಪಣೆ ಅಪ್ಪನದು, ಹಾಗಾಗಿ ಉತ್ತರಿಸುವುದು ಕಷ್ಟ. ಮೊದಲ ಸಲ ಡಿಗ್ರಿಯ ಮುಖ ಕಂಡ ಮನೆಯಲ್ಲಿ ಹುಡುಗರು ನೌಕರಿ ಹಿಡಿಯಬೇಕು. ತಂತಿ ಎಳೆದರೆ ಅಕ್ಕಿ ಬರುವುದಿಲ್ಲ. ನಿಜ. ನಾನೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಆದರೆ ಅಪ್ಪನಿಗೆ ಒಂದು ಮಾತು ಹೇಳಿದೆ. ತಾತನ ಕಾಲದಲ್ಲಿ ಓದು ಬರಹವೂ ಕೆಲವು ಮನೆಗಳ ಸೊತ್ತೇ ಆಗಿತ್ತು. ಆರು ವರ್ಷಕ್ಕೆ ಪುಸ್ತಕ ಓದುವ ಮಗುವನ್ನು ಕಂಡರೆ ನಮ್ಮ ತಾತ ಕೈ ಮುಗಿಯುತ್ತಿದ್ದರೋ ಏನೋ. ಊರಿಗೊಂದು ಸರ್ಕಾರಿ ಶಾಲೆ ಬಂತು, ಮೇಷ್ಟ್ರು ಬಂದರು, ಪುಸ್ತಕ ಬಂತು, ಮಧ್ಯಾಹ್ನದ ಊಟ ಬಂತು. ಈಗ ಲೈನ್ ಮನೆಯ ಮಗು ಆರು ವರ್ಷಕ್ಕೆ ಓದಿದರೆ ಯಾರೂ ಪೂರ್ವಜನ್ಮದ ಸುಕೃತ ಎನ್ನುವುದಿಲ್ಲ. ಅಪ್ಪ ಉತ್ತರ ಹೇಳಲಿಲ್ಲ. ಬೀಡಿ ಹಚ್ಚಿಕೊಂಡು ಹೊರಗೆ ಹೋದರು.

ವಾದ್ಯಗಳ ಮೇಲಿನ ನಮ್ಮವರ ಪ್ರೀತಿಗೇನೂ ಕೊರತೆಯಿಲ್ಲ. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿಯೇ ಚೌಡಯ್ಯ ಸ್ಮಾರಕ ಭವನ ಕಟ್ಟಿದ್ದಾರೆ, 1980ರಲ್ಲಿ. ತಾತನ ಸೀಮೆಯ ರುದ್ರಪಟ್ಟಣದಲ್ಲಿ, ಸಂಗೀತ ವಿದ್ವಾಂಸರ ತವರೂರಾದ ಆ ಹಳ್ಳಿಯಲ್ಲಿ, ಕಾವೇರಿಯ ದಡದ ಮೇಲೆ ತಂಬೂರಿಯ ಆಕಾರದ ಮಂದಿರವಿದೆ. ಎರಡೂ ನೋಡಲು ಸೊಗಸು. ನಾನು ಕೇಳುವುದು ಅಷ್ಟು ದೊಡ್ಡದಲ್ಲ. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಹದಿನೈದು ದಿನಕ್ಕೆ ಪುಸ್ತಕ ಎರವಲು ಕೊಡುತ್ತಾರೆ. ಹರಿದರೆ ದಂಡ, ಕಳೆದರೆ ಬೆಲೆ. ಅದೇ ಕಪಾಟಿನ ಪಕ್ಕದಲ್ಲಿ ಇನ್ನೊಂದು ಕಪಾಟು ಇಟ್ಟು ನಾಲ್ಕು ಪಿಟೀಲು, ಅದರಲ್ಲಿ ಎರಡು ಅರ್ಧ ಅಳತೆಯವು, ಹತ್ತಿರದ ಶಾಲೆಯ ಮಕ್ಕಳಿಗೂ ಸಿಗುವಂತೆ ಎರವಲು ಕೊಡಬಾರದೇ? ಮೈಸೂರಿನ ಅಂಗಡಿಯೊಂದರಲ್ಲಿ ಕೇಳಿದಾಗ ಕಲಿಯುವವರ ಪಿಟೀಲಿಗೆ ಆರು ಸಾವಿರ ಎಂದರು. ವಾರ್ಷಿಕೋತ್ಸವದ ಶಾಮಿಯಾನದ ಬಾಡಿಗೆಯೊಡನೆ ಹೋಲಿಸಿ ನೋಡುವ ಕೆಲಸವನ್ನು ವಿದ್ಯಾರ್ಥಿ ಸಂಘದ ಮಿತ್ರರಿಗೆ ಬಿಡುತ್ತೇನೆ. ವಾರಕ್ಕೊಂದು ದಿನ ಗುರುಗಳೊಬ್ಬರನ್ನು ಕರೆಸಬೇಕು. ಸಂಜೆ ಬೇಡ, ಮಧ್ಯಾಹ್ನ. ಯಾಕೆಂದು ಮೇಲೆ ಹೇಳಿದ್ದೇನೆ. ದಕ್ಷಿಣ ಅಮೆರಿಕದ ವೆನೆಜುವೆಲಾ ದೇಶದಲ್ಲಿ ಅಬ್ರೆಯು ಎಂಬುವರು 1975ರಲ್ಲಿ ಆರಂಭಿಸಿದ ಯೋಜನೆ ಬಡ ಮಕ್ಕಳ ಕೈಗೆ ಪಿಟೀಲು ಕೊಟ್ಟು ದೇಶದ ತುಂಬ ವಾದ್ಯವೃಂದಗಳನ್ನು ಬೆಳೆಸಿತೆಂದು ಓದಿದ್ದೇನೆ. ನಮಗೆ ದೇಶದ ತುಂಬ ಬೇಡ, ಸಿದ್ದಾಪುರಕ್ಕೆ ನಾಲ್ಕು ಸಾಕು.

ಇಷ್ಟು ಅವಸರಪಡಲು ಕಾರಣವಿದೆ. ನನ್ನ ತಂಗಿಗೆ ಈಗ ಹನ್ನೆರಡು. ನಾನು ಬಿಟ್ಟ ಪಿಟೀಲನ್ನು ಅವಳು ಎತ್ತಿಕೊಂಡಿದ್ದಾಳೆ. ಮಳೆಗಾಲದಲ್ಲಿ ಬಿರಡೆ ಉಬ್ಬಿ ತಿರುಗುವುದಿಲ್ಲ, ಬೇಸಗೆಯಲ್ಲಿ ಸಡಿಲವಾಗಿ ಜಾರುತ್ತದೆ. ಸೀಮೆಸುಣ್ಣದ ಪುಡಿ ಹಚ್ಚಿ ನಿಲ್ಲಿಸಲು ತಾನೇ ಕಲಿತಿದ್ದಾಳೆ. ಅವಳ ಮಣಿಕಟ್ಟು ನನ್ನದಕ್ಕಿಂತ ಸಡಿಲ. ನಾನು ಏಳು ತಿಂಗಳಲ್ಲಿ ಕಲಿತ ಸರಳೆ ವರಸೆಯನ್ನು ನನ್ನಿಂದ ಎರಡು ತಿಂಗಳಲ್ಲಿ ಕಿತ್ತುಕೊಂಡಳು. ನನಗೆ ಗೊತ್ತಿರುವುದು ಅಲ್ಲಿಗೆ ಮುಗಿಯಿತು. ಜಂಟಿ ವರಸೆಯನ್ನು ನಾನು ಹೇಳಿಕೊಟ್ಟರೆ ನನ್ನ ತಪ್ಪು ಅವಳ ಕೈಗೂ ಇಳಿಯುತ್ತದೆಂದು ಹೆದರಿ ನಿಲ್ಲಿಸಿದ್ದೇನೆ. ಹದಿನಾಲ್ಕಕ್ಕೆ ಇನ್ನು ಎರಡು ವರ್ಷ. ಆ ವಿದ್ಯಾರ್ಥಿವೇತನದ ಅರ್ಜಿಯನ್ನು ಇಳಿಸಿಕೊಂಡು ಹೆಸರು, ಜನ್ಮದಿನಾಂಕ, ತಂದೆಯ ಉದ್ಯೋಗ, ವಾರ್ಷಿಕ ವರಮಾನ ಎಲ್ಲವನ್ನೂ ನಾನೇ ತುಂಬಿದ್ದೇನೆ. ಗುರುವಿನ ಹೆಸರು ಬರೆಯಬೇಕಾದ ಕಡೆ ಜಾಗ ಹಾಗೆಯೇ ಬಿಟ್ಟಿದ್ದೇನೆ.